ಹಾಡಿಯವರು ಸಿಂಗಾಪುರಕ್ಕೆ ಬಂದರು

ಕಾಡಿನ ಅಂಚಿನ ಒಂದು ಬುಡಕಟ್ಟಿನ ಹಾಡಿಯಲ್ಲಿ ನಾನೂ ನಮ್ಮ ಯಜಮಾನರೂ ಹನ್ನೊಂದು ವರ್ಷ ಇದ್ದೆವು. ಸುವಾರ್ತೆ ಸಾರಲು ಬೆಂಗಳೂರಿನ ಸಂಜಯನಗರದ ನಮ್ಮ ಕ್ರೈಸ್ತ ಸಭೆಯೇ ಕಳಿಸಿತ್ತು. ಮೊದಲ ಎರಡು ವರ್ಷ ಪ್ರಾರ್ಥನೆಗೆ ಕೂರುತ್ತಿದ್ದವರು ನಾವಿಬ್ಬರೇ. ಆಮೇಲೆ ಜೇನು ಕೀಳುವವರ ಮನೆಯ ಅಜ್ಜಿಯೊಬ್ಬರು ಬಂದು ಕೂತರು. ನಮ್ಮ ಹಾಡು ಅವರಿಗೆ ರುಚಿಸಲಿಲ್ಲ. "ಇದೇನವ್ವ, ಹೆಣ ಎತ್ತೋವಾಗ ಹಾಡ್ದಂಗೈತೆ!" ಎಂದು ತಮ್ಮ ಮಾತಿನಲ್ಲಿ ತಾವೇ ಒಂದು ಹಾಡು ಕಟ್ಟಿದರು. ಅದನ್ನು ಕೇಳಿ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಬಿದಿರಿನ ಗೋಡೆಯ ಪ್ರಾರ್ಥನಾ ಮನೆ ಎದ್ದಿತು.

ಯಜಮಾನರ ಮಂಡಿ ಕೈಕೊಟ್ಟ ಮೇಲೆ ಬೆಂಗಳೂರಿನದೇ ಬಡಾವಣೆಯಾದ ಸಿಂಗಾಪುರದ ಬಾಡಿಗೆ ಮನೆಗೆ ಬಂದೆವು. ಕೆಲಸ ಅರ್ಧಕ್ಕೇ ಬಿಟ್ಟು ಬಂದೆವೆಂಬ ಕೊರಗು ಇಬ್ಬರಿಗೂ ಇತ್ತು. ಕಳೆದ ವರ್ಷ ಅಜ್ಜಿ ಫೋನ್ ಮಾಡಿದರು: "ನಿಮ್ಮನ್ನ ಕಳಿಸಿದ ಸಭೆ ನೋಡ್ಬೇಕು ಕಣವ್ವ. ಶನಿವಾರ ಅದ್ನಾರು ಜನ ಬತ್ತೀವಿ."

ನಮ್ಮದು ಎರಡು ಕೋಣೆಯ ಮನೆ. ಮೇಲಿನ ಮಹಡಿಯಲ್ಲಿದ್ದ ಓನರ್ ಅಮ್ಮನಿಗೆ ವಿಷಯ ತಿಳಿಸಿದೆ. ಒಂದು ಕಾಲಕ್ಕೆ ಈ ಲೇಔಟ್ ಎಲ್ಲ ಅವರ ಮನೆಯವರ ರಾಗಿ ಹೊಲ.

"ಬೇಜಾರ್ ಮಾಡ್ಕೋಬೇಡಿ, ನೇರವಾಗೇ ಕೇಳ್ತೀನಿ. ಅವ್ರ ದೇವ್ರನ್ನ ಬಿಡಿಸ್ಬಿಟ್ರಾ ನೀವು?"

"ನಾವು ನಂಬಿದ್ದನ್ನ ಹೇಳಿದ್ವಿ ಅಮ್ಮ. ಕೆಲವ್ರು ಬಂದ್ರು, ಕೆಲವ್ರು ಬರ್ಲಿಲ್ಲ. ಬರ್ದೇ ಇರೋರ ಮನೇಲೂ ಉಂಡಿದ್ದೀವಿ."

ಅವರು ಒಳಗಿಂದ ಬೀಗದ ಕೈ ತಂದು, "ಸರಿ, ಅಷ್ಟು ಜನ ಎಲ್ ಮಲಗ್ತಾರೆ? ಕೆಳಗಡೆ ಹಾಲ್ ಖಾಲಿ ಇದೆ, ತಗೊಳ್ಳಿ" ಎಂದರು.

ಶನಿವಾರ ಟೆಂಪೋದಲ್ಲಿ ಎಲ್ಲರೂ ಬಂದಿಳಿದರು. ಓನರ್ ಅಮ್ಮ ತಾವೇ ಮುದ್ದೆ ತೊಳಸಿ, ಸೊಪ್ಪಿನ ಸಾರು ಮಾಡಿ ಬಡಿಸಿದರು. ಅಜ್ಜಿ ಮುದ್ದೆ ಮುರಿಯುತ್ತ ನಾವು ಹಾಡಿಗೆ ಹೋದ ಹೊಸತರ ಕಥೆ ತೆಗೆದರು. ಅವರ ಭಾಷೆಯಲ್ಲಿ "ತಂದೆ ಬರುತ್ತಾರೆ" ಎನ್ನಲು ಹೋದ ನಮ್ಮ ಯಜಮಾನರು "ಕರಡಿ ಬರುತ್ತದೆ" ಎಂದುಬಿಟ್ಟಿದ್ದರು. "ಮಕ್ಕಳನ್ನ ಎತ್ಕೊಂಡು ಓಡ್ದೋ ಓಟ!" ಓನರ್ ಅಮ್ಮ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ಭಾನುವಾರ ಆರಾಧನೆಯಲ್ಲಿ ಅಜ್ಜಿ ತಮ್ಮ ಹಾಡು ಎತ್ತಿದರು. ಕೀಬೋರ್ಡಿನವರು ಶ್ರುತಿ ಹುಡುಕಿ ಹುಡುಕಿ ಸೋತು, ಕೊನೆಗೆ ಎದ್ದು ನಿಂತು ಚಪ್ಪಾಳೆಯಲ್ಲೇ ತಾಳ ಹಾಕಿದರು. ಹಾಡು ಮುಗಿದ ಮೇಲೆ ಅಜ್ಜಿ ಹೊಸದಾಗಿ ಮದುವೆಯಾದ ಜೋಡಿಯೊಂದನ್ನು ಮುಂದಕ್ಕೆ ಕರೆದರು.

"ನೀವು ಇಬ್ಬರನ್ನ ನಮ್ ತಾವ ಕಳಿಸಿದ್ರಿ. ನಾವೂ ಇಬ್ಬರನ್ನ ಆಚೆ ಬೆಟ್ಟದ ಹಾಡಿಗೆ ಕಳಿಸ್ತಾ ಇದೀವಿ. ಆಶೀರ್ವಾದ ಮಾಡಿ."

ಈ ವಿಷಯ ನಮಗ್ಯಾರೂ ಹೇಳಿರಲಿಲ್ಲ. ಸಭೆಯೆಲ್ಲ ಎದ್ದು ನಿಂತಿತು. ಆಮೇಲೆ ಹಲ್ಲೆಲೂಯ ಎಂಬ ಕೂಗು ಬೀದಿಗೂ ಕೇಳಿರಬೇಕು. ಯಜಮಾನರು ಊರುಗೋಲು ನನ್ನ ಕೈಗೆ ಕೊಟ್ಟು, ವೇದಿಕೆಯ ಮೆಟ್ಟಿಲು ಹತ್ತಿ, ಆ ಇಬ್ಬರ ತಲೆಯ ಮೇಲೆ ಕೈಯಿಟ್ಟರು. ಅವರ ಕೋಲನ್ನು ಎದೆಗವಚಿಕೊಂಡು ನಾನು ಅಳುತ್ತಲೂ ನಗುತ್ತಲೂ ನಿಂತಿದ್ದೆ.

ತಿಂಗಳ ನಂತರ ಆ ಜೋಡಿಯ ಹುಡುಗಿ ಬೆಟ್ಟದ ಹಾಡಿಯಿಂದ ಫೋನ್ ಮಾಡಿದಳು. "ಪ್ರಾರ್ಥನೆಗೆ ಯಾರೂ ಬತ್ತಿಲ್ಲ ಅಕ್ಕ. ಒಂದು ನಾಯಿ ಮಾತ್ರ ದಿನಾ ಬತ್ತದೆ" ಎಂದು ಜೋರಾಗಿ ನಕ್ಕಳು. ಮಳೆಗಾಲ ಮುಗಿಯುವ ಹೊತ್ತಿಗೆ ಮೂರು ಮನೆಯವರು ಬರತೊಡಗಿದ್ದರು.