ದುರ್ಗಿ ದಾಟದ ಹೊಳೆ

ಕುರುಗೋಡಿನಾಚೆಯ ಆ ಊರಿನಲ್ಲಿ ಹೊಳೆಯ ಹೂಳು ತೆಗೆಯಲು ಎಲ್ಲರೂ ಒಪ್ಪಿದಾಗ, ಒಲ್ಲೆನೆಂದವಳು ಉಚ್ಚೆಂಗೆಮ್ಮ ಒಬ್ಬಳೇ.

ಗಣಿ ಜೋರಾಗಿದ್ದ ಕಾಲಕ್ಕೆ ಅವಳೂ ತಂಗಿ ದುರ್ಗಾದೇವಿಯೂ ಆಚೆ ದಡದ ಗದ್ದೆಗಳಿಗೆ ಭತ್ತದ ನಾಟಿಗೆ ಹೋಗುತ್ತಿದ್ದರು. ಒಂದು ಮಳೆಗಾಲದ ಸಂಜೆ ಮನೆಗೆ ಮರಳುವಾಗ, ಮೇಲೆಲ್ಲೋ ಅದಿರು ತೊಳೆದ ಕೆಸರಿನ ಕಟ್ಟೆ ಒಡೆಯಿತು. ಉಚ್ಚೆಂಗೆಮ್ಮ ಮುಂದಾಗಿ ದಾಟಿದ್ದಳು. "ಅಕ್ಕಾ, ತಡಿ, ನಾ ಬಂದೆ" ಎಂಬ ದನಿಗೆ ತಿರುಗುವಷ್ಟರಲ್ಲಿ ಇಟ್ಟಿಗೆ ಬಣ್ಣದ ರಾಡಿ ಹೊಳೆಯ ತುಂಬ ನುಗ್ಗಿತ್ತು. ತಂಗಿ ಇರಲಿಲ್ಲ. ಸಿರುಗುಪ್ಪದವರೆಗೂ ದಡ ಹಿಡಿದು ಹುಡುಕಿದರು, ಹೆಣ ಸಿಗಲಿಲ್ಲ. ಹೆಣ ಕಾಣದೆ ದಿನಕರ್ಮ ಮಾಡಲು ತಾಯಿ ಒಪ್ಪಲಿಲ್ಲ, ಒಪ್ಪದೆಯೇ ತೀರಿಹೋದಳು.

ಗಣಿ ನಿಂತರೂ ಕೆಸರು ಹೋಗಲಿಲ್ಲ. ಅಕ್ಕತಂಗಿ ದಾಟುತ್ತಿದ್ದ ಕಡೆಯ ಮಡುವಿನಲ್ಲಿ ಆಳೆತ್ತರ ಕೂತು ಗಟ್ಟಿಯಾಯಿತು. ಎಮ್ಮೆಗಳೂ ಆ ನೀರಿಗೆ ಮೂತಿ ಇಡುತ್ತಿರಲಿಲ್ಲ. ಕೂಲಿಯಿಂದ ಬರುವಾಗ ಉಚ್ಚೆಂಗೆಮ್ಮ ಮಾತ್ರ ಅಲ್ಲಿ ನಿಲ್ಲುತ್ತಿದ್ದಳು. ದಡ ಹತ್ತಿದೊಡನೆ ಬೆನ್ನ ಹಿಂದೆ ಅದೇ ದನಿ. ಅವಳಿಗೆ ಮಕ್ಕಳಾದವು, ತಲೆ ನರೆಯಿತು. ಆ ದನಿಗೆ ಮಾತ್ರ ವಯಸ್ಸಾಗಲಿಲ್ಲ.

ಹೂಳೆತ್ತುವ ಕೆಲಸಕ್ಕೆ ಮುಂದಾಗಿದ್ದ ರೈತ ಪಾಲಯ್ಯ ಅವಳ ಮನೆಗೆ ಬಂದ.

"ಯಕ್ಕಾ, ನಾಳಿ ಜೆಸಿಬಿ ಬರತೈತಿ. ನೀ ಒಬ್ಬಾಕಿ ಬ್ಯಾಡ ಅಂದ್ರ ಹೆಂಗ?"

"ಅಲ್ಲಿ ನಮ್ಮ ದುರ್ಗಿ ಅದಾಳಪ್ಪ. ಆ ಕಬ್ಬಿಣದ ಹಲ್ಲಿಗೆ ಆಕಿನ್ನ ಕೊಡಾಕ ನನ್ನ ಕೈಲಿ ಆಗಂಗಿಲ್ಲ."

ಪಾಲಯ್ಯ ಎಂದ: "ಆ ಮಡು ಒಂದನ್ನ ನಾವು ಕೈಲೇ ತೋಡ್ತೀವಿ. ನೀನೂ ಬಾ."

ಊರಿಗೆ ಊರೇ ಸಲಿಕೆ, ಬುಟ್ಟಿ ಹಿಡಿದು ಇಳಿಯಿತು. ಗಂಡಸರು ಸಲಿಕೆ ಚುಚ್ಚದೆ ಮೆಲ್ಲಗೆ ಕೆರೆದರು. ಉಚ್ಚೆಂಗೆಮ್ಮ ಬುಟ್ಟಿ ಬುಟ್ಟಿಯನ್ನೂ ಬೆರಳಿಂದ ಕೆದಕಿ ನೋಡಿದಳು. ಬೇರು ತಗುಲಿದರೂ ತೊಳೆದು ನೋಡುತ್ತಿದ್ದಳು. ಒಮ್ಮೆ ಹಸಿರು ಬಳೆಯ ಚೂರು ಸಿಕ್ಕಿತು. ಎಲ್ಲರ ಕೈ ನಿಂತವು. ಅವಳು ಅದನ್ನು ಸೆರಗಿನಲ್ಲಿ ಒರೆಸಿ ಬೆಳಕಿಗೆ ಹಿಡಿದಳು. ಆ ದಿನ ದುರ್ಗಿ ಯಾವ ಬಣ್ಣದ ಬಳೆ ತೊಟ್ಟಿದ್ದಳೆಂಬುದೇ ತನಗೆ ಮರೆತುಹೋಗಿದೆ ಎಂದು ಆಗ ತಿಳಿಯಿತು.

"ಗೊತ್ತಾಗವಲ್ದು" ಎಂದು ಅಲ್ಲೇ ಕುಸಿದಳು. ಊರ ಹಿರಿಯಳು ಗಂಗಕ್ಕ ಅವಳ ತಲೆಯನ್ನು ಎದೆಗೊತ್ತಿಕೊಂಡಳು.

ಕೊನೆಗೆ ಬಿಳಿ ಮರಳು ಕಂಡಿತು. ಮೂಳೆಯೊಂದೂ ಇರಲಿಲ್ಲ. ಆ ಚೂರನ್ನೇ ಮುಂದಿಟ್ಟುಕೊಂಡು, ಊರವರೆದುರು ದಿನಕರ್ಮ ಮುಗಿಸಿದರು.

ಈ ಮಳೆಗಾಲ ಹೊಳೆ ತಿಳಿಯಾಗಿ ಹರಿಯಿತು. ದನ ಇಳಿದವು, ಹೆಂಗಸರು ಬಟ್ಟೆ ಒಗೆಯಲು ಬಂದರು. ಉಚ್ಚೆಂಗೆಮ್ಮ ಮಾತ್ರ ಸೇತುವೆ ರಸ್ತೆ ಸುತ್ತಿಕೊಂಡು ಕೂಲಿಗೆ ಹೋಗುತ್ತಾಳೆ. ಯಾಕೆಂದು ಪಾಲಯ್ಯ ಕೇಳಿದ.

"ಈಗ ತಳ ಕಾಣತೈತಿ ನೋಡಪ್ಪ" ಎಂದಳು. "ಅಲ್ಲಿ ಯಾರೂ ಇಲ್ಲ ಅನ್ನೋದನ್ನ ದಿನಾ ಹೆಂಗ ನೋಡ್ಲಿ?"