ಊರು ಬರೀರಿ, ಹೆಸರು ಬ್ಯಾಡ

ಅಪ್ಪ ನೀರಿನ ತಂಬಿಗೆಗೆ ಕೈ ಚಾಚಿದರೂ ಅವ್ವ ಮುಖಕ್ಕೆ ಮೊಳಕೈ ಅಡ್ಡ ಹಿಡಿಯುತ್ತಿದ್ದಳು. ಅವನು ಹೊಡೆಯಲು ಬಂದಿಲ್ಲ, ನೀರು ಕುಡಿಯಲು ಬಂದಿದ್ದಾನೆ ಎಂದು ಗೊತ್ತಾದ ಮೇಲೆ ಕೈ ಇಳಿಸಿ, ಏನೂ ಆಗಿಲ್ಲದವಳಂತೆ ಮತ್ತೆ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಕೂಡುತ್ತಿದ್ದಳು. ಬ್ಯಾಡಗಿಯ ನಮ್ಮ ಮನೆಯಲ್ಲಿ ನನಗೆ ನೆನಪಿರುವ ಮೊದಲ ಸಂಗತಿ ಅದು. ಎರಡನೆಯದು ಅಪ್ಪನ ಕೈ. ಅಗಲವಾದ ಅಂಗೈ, ಮೋಟು ಬೆರಳು, ಹೆಬ್ಬೆರಳಿನ ಬುಡದಲ್ಲೊಂದು ಗಂಟು. ನನ್ನ ಕೈಯೂ ಹಾಗೇ ಇದೆ. ಮೈಗೆ ಬಂದದ್ದು ಬಂತು, ಆ ಕೈಯ ಗುಣ ಮಾತ್ರ ನನಗೆ ಬರಬಾರದು ಎಂಬುದೊಂದೇ ನನ್ನ ಹಟವಾಗಿತ್ತು.

ಅಪ್ಪ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ತೂಗುತ್ತಿದ್ದ. ಚೀಲ ಕಟ್ಟುವ ಹಗ್ಗ ಯಾವಾಗಲೂ ಹೆಗಲ ಮೇಲೆ. ಸಾರಿಗೆ ಉಪ್ಪು ಹೆಚ್ಚಾದರೆ ಹಗ್ಗ, ಕಡಿಮೆಯಾದರೆ ಹಗ್ಗ. ನಾನೊಮ್ಮೆ ಎದುರುತ್ತರ ಕೊಟ್ಟೆ. ಒಲೆಯ ಕೆಂಡಕ್ಕೆ ಒಂದು ಹಿಡಿ ಮೆಣಸಿನಬೀಜ ಸುರಿದು, ಅಡುಗೆಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ. ಒಳಗೆ ಅವ್ವ ಮತ್ತು ನಾನು. ಅವ್ವ ಸೆರಗನ್ನು ನೀರಿನಲ್ಲಿ ಅದ್ದಿ ನನ್ನ ಮುಖಕ್ಕೆ ಸುತ್ತಿದಳು, ಅವಳಿಗೆ ಸುತ್ತಿಕೊಳ್ಳಲು ಏನೂ ಉಳಿಯಲಿಲ್ಲ. ಕೆಮ್ಮಿ ಕೆಮ್ಮಿ ಅವಳ ಮೂಗಿನಿಂದ ರಕ್ತ ಬಂತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಈಗಲೂ ಜನ ಹೇಳುತ್ತಾರೆ. ಹಾಗೆ ಹೇಳುವವರನ್ನೆಲ್ಲ ಆ ಅಡುಗೆಮನೆಯಲ್ಲಿ ಒಂದು ಗಳಿಗೆ ಕೂಡಿಹಾಕಬೇಕು ಎನಿಸುತ್ತದೆ ನನಗೆ.

ಎಂಬತ್ತರ ದಶಕದಲ್ಲಿ ರಾಣೆಬೆನ್ನೂರಿನ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ನನಗೆ ನೌಕರಿ ಸಿಕ್ಕಿತು. ರಾಣೆಬೆನ್ನೂರಿನಲ್ಲೇ ಬಾಡಿಗೆ ಕೋಣೆ ಹಿಡಿದೆ. ಅಲ್ಲಿ ತಿಂಗಳಿಗೊಂದು ಭಾನುವಾರ ನಿವೃತ್ತ ಹೆಡ್ ಮಾಸ್ತರರೊಬ್ಬರ ಪಡಸಾಲೆಯಲ್ಲಿ ಓದುವವರು, ಬರೆಯುವವರು ಸೇರುತ್ತಿದ್ದರು. ಹಾವೇರಿಯಿಂದ ಒಬ್ಬ ದರ್ಜಿ ಬರುತ್ತಿದ್ದ, ಕಾಗಿನೆಲೆ ಕಡೆಯ ಬಸ್ ಕಂಡಕ್ಟರ್ ಬರುತ್ತಿದ್ದ, ಕಥೆ ಬರೆಯುವ ಒಂದಿಬ್ಬರೂ ಬರುತ್ತಿದ್ದರು. ಪುಸ್ತಕ ಓದುವವರು ಸಂಭಾವಿತರು ಎಂದುಕೊಂಡು ನಾನು ಹೋಗಿದ್ದೆ. ಮೊದಲ ದಿನವೇ ಒಬ್ಬ ಕಥೆಗಾರ ಇನ್ನೊಬ್ಬನ ಮನೆತನದ ಹೆಸರು ಕೇಳಿ, ಅದರಿಂದ ಜಾತಿ ತಿಳಿದು ಒಂದು ಮಾತಾಡಿದ. ಮರುಗಳಿಗೆ ಕುರ್ಚಿಯೊಂದು ಗಾಳಿಯಲ್ಲಿತ್ತು, ಬಿಡಿಸಲು ಹೋದ ದರ್ಜಿಯ ಹಲ್ಲು ನೆಲದ ಮೇಲಿತ್ತು.

ಹೆಡ್ ಮಾಸ್ತರರು ಚೂರಾದ ಕುರ್ಚಿಯನ್ನು ಒದ್ದು ಎದ್ದು ನಿಂತರು. “ಇನ್ನ ಮ್ಯಾಲೆ ಇಲ್ಲಿ ಯಾರೂ ಹೆಸರು ಹೇಳಬ್ಯಾಡ್ರಿ. ಹೆಸರಿನ ಬೆನ್ನ ಹಿಂದ ಜಾತಿ ಬರ್ತೈತಿ, ಜಾತಿ ಹಿಂದ ಬಡಿಗಿ ಬರ್ತೈತಿ. ಊರು ಬರೀರಿ, ಹೆಸರು ಬ್ಯಾಡ,” ಎಂದರು.

ಹೀಗೆ ನಮ್ಮ ಕೂಟದ ಪದ್ಧತಿ ಶುರುವಾಯಿತು. ಪ್ರತಿಯೊಬ್ಬರೂ ತಮಗೆ ಇಷ್ಟವಾದ ಒಂದು ಪುಸ್ತಕ ತರಬೇಕು. ಅದರ ಕೊನೆಯ ಖಾಲಿ ಹಾಳೆಯಲ್ಲಿ ತಮ್ಮ ಊರು, ಕೆಲಸ, ಈ ಪುಸ್ತಕ ಯಾಕೆ ಇಷ್ಟ ಎಂಬುದನ್ನು ಬರೆಯಬೇಕು. ಆಮೇಲೆ ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ. ಓದಿದವರೆಲ್ಲ ಕೆಳಗೆ ತಮ್ಮ ಸಾಲು ಸೇರಿಸುತ್ತಾರೆ. ಹೆಸರಿಲ್ಲ ಎಂಬ ಧೈರ್ಯಕ್ಕೆ ಜನ ಗಂಡ ಹೆಂಡತಿಗೂ ಹೇಳದ ಮಾತು ಅಲ್ಲಿ ಬರೆಯುತ್ತಿದ್ದರು.

ನಾನು ಕೊಟ್ಟದ್ದು ಒಂದು ಕಾದಂಬರಿ. ಅದರಲ್ಲೊಬ್ಬಳು ಹೊಡೆಯುವ ಗಂಡನ ಕೈಯಿಂದ ಕೋಲು ಕಿತ್ತು ಒಲೆಗಿಟ್ಟು, ಅದೇ ಉರಿಯಲ್ಲಿ ರೊಟ್ಟಿ ಬೇಯಿಸಿ ಅವನಿಗೇ ಬಡಿಸುತ್ತಾಳೆ. ನಾನು ಬರೆದೆ: “ಊರು: ಬ್ಯಾಡಗಿ. ಕೆಲಸ: ಶಾಲೆಯಲ್ಲಿ ಕಲಿಸುವುದು. ನಮ್ಮ ಅಪ್ಪ ಪೇಟೆಯಲ್ಲಿ ಚೀಲ ತೂಗುತ್ತಾನೆ. ಆ ಚೀಲದ ಹಗ್ಗದಿಂದಲೇ ಅವ್ವನನ್ನು ಹೊಡೆಯುತ್ತಾನೆ. ಈ ಪುಸ್ತಕದ ಹೆಣ್ಣು ಕೋಲು ಸುಡುತ್ತಾಳೆ. ಅದಕ್ಕೇ ಇದು ನನಗಿಷ್ಟ.”

ಹೆಸರು ಬರೆಯದಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡಿದ್ದೆನಲ್ಲ, ನನ್ನಷ್ಟು ದಡ್ಡಿ ಇನ್ನೊಬ್ಬಳಿಲ್ಲ. ಪೇಟೆಯಲ್ಲಿ ತೂಗುವವರು ನಾಲ್ಕಾರು ಮಂದಿ. ಅವರಲ್ಲಿ ಮಗಳು ಶಾಲೆಯ ಅಕ್ಕೋರು ಆಗಿದ್ದದ್ದು ಒಬ್ಬನಿಗೇ. ಪುಸ್ತಕ ಸುತ್ತಾಡುತ್ತ ಬ್ಯಾಡಗಿಯ ಒಬ್ಬ ಗುಮಾಸ್ತನ ಕೈಗೆ ಸಿಕ್ಕಿತು. ಅವನು ಚಹಾದ ಅಂಗಡಿಯಲ್ಲಿ ಆ ಸಾಲುಗಳನ್ನು ಗಟ್ಟಿಯಾಗಿ ಓದಿ, “ಯಾರಪಾ ಇಂವ?” ಎಂದನಂತೆ. ಎಲ್ಲರೂ ಅಪ್ಪನ ಕಡೆ ತಿರುಗಿ ನಕ್ಕರಂತೆ.

ನಾನು ಪಂಚಮಿಗೆಂದು ಊರಿಗೆ ಬಂದಿದ್ದೆ. ಅಪ್ಪ ಮಧ್ಯಾಹ್ನವೇ ಮನೆಗೆ ಬಂದ. ಬರೆದವಳು ನಾನು. ಆದರೆ ಅವನು ನನ್ನ ಕಡೆ ನೋಡಲೇ ಇಲ್ಲ, ನೇರ ಅವ್ವನ ಜಡೆಗೆ ಕೈ ಹಾಕಿದ.

“ಮಗಳ ಕೈಲೆ ಪುಸ್ತಕದಾಗ ಬರಸ್ತೀಯೇನ?”

“ಏನ್ ಬರಸೇನ್ರಿ? ನನಗ ಅಕ್ಷರನ ಬರಂಗಿಲ್ಲಲ್ರಿ,” ಎಂದಳು ಅವ್ವ.

ಅವತ್ತು ಹಗ್ಗ ಸಾಲಲಿಲ್ಲ. ಚೀಲ ಎಳೆಯುವ ಕಬ್ಬಿಣದ ಕೊಕ್ಕೆ ತೆಗೆದುಕೊಂಡ. ಅವ್ವ ಎಂದಿನಂತೆ ಮೊಳಕೈ ಅಡ್ಡ ಹಿಡಿದಳು. ಎಲುಬು ಮುರಿದ ಸಪ್ಪಳ ಒಣ ಕಟ್ಟಿಗೆ ಮುರಿದಂತೆ ಕೇಳಿಸಿತು. ನಾನು ಅಂಗೈ ಬಿಚ್ಚಿ ಅಪ್ಪನ ಕಪಾಳಕ್ಕೆ ಬಾರಿಸಿದೆ. ಅವನು ಚೀಲಗಳ ಮೇಲೆ ಬಿದ್ದ. ಬಿದ್ದವನನ್ನು ಮತ್ತೆ ಹೊಡೆದೆ, ಅವನು ಕೈ ಮುಗಿದ ಮೇಲೂ ಹೊಡೆದೆ. ಹೇಳಲು ನಾಚಿಕೆ, ಆದರೆ ನನಗೆ ಆಗ ಹಿತವಾಗಿತ್ತು. ಬಾಯಾರಿದಾಗ ನೀರು ಕುಡಿದಷ್ಟು ಹಿತ.

ಮುರಿದ ಕೈ ಹಿಡಿದು ಗೋಡೆಗೆ ಆತು ಕೂತಿದ್ದ ಅವ್ವ ಅಂದಳು, “ಸಾಕು ಬಿಡವಾ. ಥೇಟ್ ಅವರಂಗ ಹೊಡಿಯಾಕತ್ತೀದಿ.”

ಹಾವೇರಿಯ ದವಾಖಾನೆಯಲ್ಲಿ ಹೇಗಾಯಿತು ಎಂದು ಕೇಳಿದರೆ ಅವ್ವ “ಜಾರಿ ಬಿದ್ನಿರಿ” ಎಂದಳು. ಅಲ್ಲಿಂದ ಅವಳನ್ನು ನೇರ ರಾಣೆಬೆನ್ನೂರಿನ ನನ್ನ ಕೋಣೆಗೆ ಕರೆತಂದೆ. ಅವಳು ಮತ್ತೆ ಬ್ಯಾಡಗಿಯ ಹೊಸಿಲು ತುಳಿಯಲಿಲ್ಲ. ಆ ರಾತ್ರಿ ಪಟ್ಟಿ ಕಟ್ಟಿದ ತನ್ನ ಕೈ ಮುಟ್ಟಿಸಿ ನನ್ನಿಂದ ಆಣೆ ಮಾಡಿಸಿಕೊಂಡಳು, ಇನ್ನು ಯಾರ ಮೇಲೂ ಕೈ ಎತ್ತುವುದಿಲ್ಲ ಎಂದು. ನಾನು ಆ ಆಣೆಯನ್ನು ಪಾಲಿಸಿದೆ. ಕನಿಷ್ಠ ಹಾಗೆಂದು ನಂಬಿದ್ದೆ.

ಶಾಲೆಯಲ್ಲಿ ಹೊಡೆಯುತ್ತಿರಲಿಲ್ಲವೇ ಎಂದರೆ, ಹೊಡೆಯುತ್ತಿದ್ದೆ. ಮಗ್ಗಿ ತಪ್ಪಿದರೆ ಹೊಡೆಯುತ್ತಿದ್ದೆ, ಗದ್ದಲ ಮಾಡಿದರೆ ಹೊಡೆಯುತ್ತಿದ್ದೆ. ಹೆತ್ತವರೇ ಬಂದು, “ಎರಡ ಬಿಗೀರಿ ಅಕ್ಕೋರ, ಕಣ್ಣೊಂದ ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ” ಎನ್ನುತ್ತಿದ್ದರು. ಅದು ವಿದ್ಯೆ ಕಲಿಸುವುದು, ಅಪ್ಪನದು ಹೊಡೆತ. ಎರಡಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ಶನಿವಾರ ಮಕ್ಕಳಿಗೆ ಕಥೆ ಹೇಳುತ್ತಿದ್ದೆ. ಕೋಲು ಒಲೆಗಿಟ್ಟ ಹೆಣ್ಣಿನ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ, ಪಕ್ಕದಲ್ಲಿ ಬೆತ್ತ ಇಟ್ಟುಕೊಂಡೇ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಹೆಡ್ ಮಾಸ್ತರರು ತೀರಿಕೊಂಡರು, ಕೂಟ ನಿಂತಿತು. ದರ್ಜಿ ಮನೆ ಮನೆಗೆ ಹೋಗಿ ಪುಸ್ತಕಗಳನ್ನು ಕೂಡಿಸಿ, ಮೊದಲು ಕೊಟ್ಟವರಿಗೆ ಮರಳಿಸಿದ. ನನ್ನ ಕಾದಂಬರಿಯೂ ಬಂತು. ರಟ್ಟು ಹರಿದಿತ್ತು, ಕೊನೆಯ ಹಾಳೆ ಸಾಲದೆ ಯಾರೋ ಬಿಳಿ ಹಾಳೆ ಹೊಲಿದಿದ್ದರು. ಅವ್ವ ಸೊಟ್ಟಗೆ ಕೂಡಿದ ಕೈಯಿಂದ ಅಕ್ಕಿ ಆರಿಸುತ್ತಿದ್ದಳು. “ಏನೇನ್ ಬರದಾರ ಓದು, ಕೇಳೂಣು” ಎಂದಳು.

ನಾನು ಓದಿದೆ. “ಊರು: ಕಾಗಿನೆಲೆ. ಕೆಲಸ: ಬಸ್ಸಿನಾಗ ಟಿಕೀಟು ಹರಿಯೋದು. ಹೆಂಡ್ತಿಗೆ ಈ ಪುಸ್ತಕ ಓದಿ ಹೇಳಿದ್ನಿ. ಮರದಿನದಿಂದ ಮನ್ಯಾಗಿನ ಬಡಿಗಿ ಕಾಣವಲ್ದು.” ಅವ್ವ ಬಿದ್ದು ಬಿದ್ದು ನಕ್ಕಳು. ನಾನೂ ನಗುತ್ತ ಹಾಳೆ ತಿರುಗಿಸಿದೆ. ಕೊನೆಯ ಸಾಲುಗಳನ್ನು ಮನಸ್ಸಿನಲ್ಲೇ ಓದಿಕೊಂಡೆ.

“ಯಾಕ ನಿಂತಿ? ಮುಂದ ಓದು.”

ಓದಿದೆ. “ಊರು: ಈಗ ಹಾವೇರಿ. ಕೆಲಸ: ವೆಲ್ಡಿಂಗ್. ನಾಲ್ಕನೇ ಇಯತ್ತೇದಾಗ ಬ್ಯಾಡಗಿ ಕಡೆಯ ಅಕ್ಕೋರು ನಮಗ ಈ ಕತಿ ಹೇಳಿದ್ರು. ಆಕಿ ಕೋಲು ಒಲಿಗಿ ಹಾಕಿದ್ಳು ಅಂದ್ರು. ಹಂಗಾರ ನಿಮ್ಮ ಕೋಲೂ ಹಾಕ್ರಿ ಅಂದೆ. ಎಲ್ಲಾರೂ ನಕ್ರು. ಅಕ್ಕೋರು ಕಪಾಳಕ್ಕ ಹೊಡದ್ರು. ಅವತ್ತಿನಿಂದ ಎಡಗಿವಿ ಕೇಳಂಗಿಲ್ಲ. ಕತಿ ಮುಂದ ಏನಾತು ಅಂತ ಗೊತ್ತಾಗಿದ್ದಿಲ್ಲ. ಈಗ ಓದಿ ಮುಗಿಸೇನಿ. ಚೊಲೊ ಐತಿ.”

ನನ್ನ ಹೆಸರು ಅಲ್ಲೆಲ್ಲೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆ ಹುಡುಗನ ಮುಖ ನೆನಪಿಗೆ ತರಲು ನೋಡಿದೆ, ಬರಲಿಲ್ಲ. ಅವನ ಇಡೀ ಆಯುಷ್ಯಕ್ಕೆ ಉಳಿದ ಏಟು ನನಗೆ ಒಂದು ಶನಿವಾರದ ಮಟ್ಟಿಗೂ ಉಳಿದಿರಲಿಲ್ಲ. ಅಪ್ಪನಿಗೂ ಹೀಗೆಯೇ ಏನೂ ನೆನಪಿರಲಿಲ್ಲವೋ ಏನೋ. ಅವ್ವ ಅಕ್ಕಿಯ ಮೊರ ಬದಿಗಿಟ್ಟು, “ಆಣಿ ಮಾಡಿದ್ದಿ” ಎಂದಳು. ಪುಸ್ತಕದ ಕಡೆ ಕೈ ತೋರಿಸಿ, “ಹೋಗಿ ಭೆಟ್ಟಿಯಾಗಿ ಬಾ” ಎಂದಳು.

ಹಾವೇರಿಯಲ್ಲಿ ದರ್ಜಿ ತನ್ನ ಅಂಗಡಿಯ ಹಿಂದಿನ ವೆಲ್ಡಿಂಗ್ ಶೆಡ್ ತೋರಿಸಿದ. ಒಬ್ಬ ತರುಣ ಬೆಸುಗೆಯ ಸದ್ದಿನ ನಡುವೆ ಕಿಟಕಿಯ ಸರಳು ಕೂಡಿಸುತ್ತ ಕುಕ್ಕರಗಾಲಲ್ಲಿ ಕೂತಿದ್ದ, ಎಡ ಮಗ್ಗುಲು ನನ್ನ ಕಡೆ. “ತಮ್ಮಾ” ಎಂದು ಕರೆದೆ. ಅವನು ತಿರುಗಲಿಲ್ಲ. ಇನ್ನೂ ಹತ್ತಿರ ಹೋಗಿ ಗಟ್ಟಿಯಾಗಿ ಕರೆದೆ, ಆಗಲೂ ತಿರುಗಲಿಲ್ಲ. ಸುತ್ತು ಹಾಕಿ ಬಲಗಡೆಗೆ ಬಂದು ನಿಂತೆ.

ಅವನು ಕನ್ನಡಕ ಮೇಲೆತ್ತಿ ನೋಡಿ, ದಡಬಡಿಸಿ ಎದ್ದು ಸ್ಟೂಲು ಒರೆಸಿದ. “ಅಕ್ಕೋರ! ಬರ್ರಿ, ಕುಂದರ್ರಿ.”

ಪುಸ್ತಕ ಕೊಡೋಣವೆಂದು ಚೀಲದಿಂದ ತೆಗೆದು ಅವನ ಕಡೆ ಕೈ ಚಾಚಿದೆ. ಅವನು ಥಟ್ಟನೆ ಮುಖಕ್ಕೆ ಮೊಳಕೈ ಅಡ್ಡ ಹಿಡಿದ. ಪುಸ್ತಕ ಎಂದು ಗೊತ್ತಾದ ಮೇಲೆ ಕೈ ಇಳಿಸಿ, ಏನೂ ಆಗಿಲ್ಲದವನಂತೆ, “ಚಹಾ ತಗೋತೀರೇನ್ರಿ ಅಕ್ಕೋರ?” ಎಂದ.