ಅತ್ತೆ ಹೊಲಿದ ಟಾಪು

ನನ್ನ ಅಪ್ಪನ ತಂಗಿ, ಅಂದರೆ ನನ್ನ ಅತ್ತೆ, ಐವತ್ತೊಂದನೆಯ ವಯಸ್ಸಿನಲ್ಲಿ ಹೊಸ ಕಾರು ಕೊಂಡಳು. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ ಕೆಂಪು ಕಾರು. ಅದರ ಟಾಪು ಬಟ್ಟೆಯದು. ಕೊಂಡಿ ಬಿಚ್ಚಿ ಕೈಯಿಂದಲೇ ಹಿಂದಕ್ಕೆ ಮಡಚಿಟ್ಟರೆ ತಲೆಯ ಮೇಲೆ ಬರೀ ಆಕಾಶ. ಇಪ್ಪತ್ತೆಂಟು ವರ್ಷ ಒಂದೇ ಕುಶನ್ ಅಂಗಡಿಯಲ್ಲಿ ಕೂತು ಬೇರೆಯವರ ಕಾರುಗಳಿಗೆ ಸೀಟು ಹೊಲಿದವಳು ಅವಳು. ಮದುವೆಯಾಗಲಿಲ್ಲ, ಒಡವೆ ಮಾಡಿಸಲಿಲ್ಲ. ಮನಸ್ಸಿನಲ್ಲಿ ಏನಿದೆ ಎಂದು ನಾವು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಸುದ್ದಿ ತಿಳಿದು ಅಪ್ಪ ಹಳ್ಳಿಯಿಂದ ಬಂದ. ಕೈ ಹಿಂದೆ ಕಟ್ಟಿಕೊಂಡು ಕಾರಿಗೆ ಎರಡು ಸುತ್ತು ಹಾಕಿದ. ಬಟ್ಟೆಯನ್ನು ಬೆರಳಿನಿಂದ ತಟ್ಟಿ ನೋಡಿದ.

“ದುಡ್ಡು ಪೂರ್ತಿ ಕೊಟ್ಟು ಅರ್ಧ ಕಾರು ತಂದಿದ್ದೀಯಲ್ಲೇ. ಹಿಂದೆ ಕೂರೋಕೆ ಜಾಗವೇ ಇಲ್ಲ.”

“ಹಿಂದೆ ಕೂತು ದಾರಿ ಹೇಳೋರಿಗೆ ಜಾಗ ಇರಬಾರದು ಅಂತಲೇ ಇದನ್ನ ತಂದೆ ಕಣೋ ಅಣ್ಣ,” ಎಂದಳು ಅತ್ತೆ.

ಅಪ್ಪ ಮುಖ ಗಂಟಿಕ್ಕಿಕೊಂಡೇ ಪಕ್ಕದ ಸೀಟಿನಲ್ಲಿ ಕೂತ. ಒಂದು ಸುತ್ತು ಮುಗಿಸಿ ಬಂದಾಗ ಅವನ ತಲೆಗೂದಲು ಹುಲ್ಲಿನ ಮೆದೆಯಂತಾಗಿತ್ತು. ಕೆರೆಯ ಕಡೆಯ ರಸ್ತೆ ಸರಿಯಾಗಿ ನೋಡಲಾಗಲಿಲ್ಲ ಎಂದು ನೆಪ ತೆಗೆದು ಇನ್ನೊಂದು ಸುತ್ತಿಗೂ ಹೊರಟ.

ಆಗ ನಾನು ಅತ್ತೆಯ ಮನೆಯಲ್ಲಿದ್ದುಕೊಂಡು ಕೊನೆಯ ವರ್ಷದ ಪದವಿ ಓದುತ್ತಿದ್ದೆ. ಕಾರಿನ ಜೊತೆ ಕೊಟ್ಟಿದ್ದ ದಪ್ಪ ಕೈಪಿಡಿಯನ್ನು ಅವಳು ನನ್ನ ಮುಂದಿಟ್ಟಳು. ತಾನು ನಾಲ್ಕನೆಯ ಕ್ಲಾಸಿಗೇ ಬಿಟ್ಟವಳು, ಓದಿದವಳು ನೀನು, ಒಂದು ಪುಟವನ್ನೂ ಹಾರಿಸದೆ ಓದಿ ಹೇಳು ಎಂದಳು. ಊಟವಾದ ಮೇಲೆ ದಿನಕ್ಕೆ ಹತ್ತು ಪುಟ. ಗಾಲಿಯ ಗಾಳಿ ಎಷ್ಟಿರಬೇಕು ಎಂದು ಮಾರನೆಯ ದಿನ ಅವಳೇ ನನ್ನನ್ನು ಕೇಳುತ್ತಿದ್ದಳು. ನಾನು ಮರೆತಿರುತ್ತಿದ್ದೆ, ಅವಳು ಮರೆತಿರುತ್ತಿರಲಿಲ್ಲ.

ಆಮೇಲೆ ಸಣ್ಣಪುಟ್ಟ ಸಿಂಗಾರ ಶುರುವಾಯಿತು. ಸ್ಟಿಯರಿಂಗಿನ ಚರ್ಮ ತೀರಾ ತೆಳು ಎನ್ನಿಸಿ, ಕಾರಿನೊಳಗೇ ಕೂತು ಎರಡು ಸೂಜಿಗಳಲ್ಲಿ ಹೊಸ ಚರ್ಮ ಹೊಲಿದಳು. ಹೆಬ್ಬೆರಳು ಕೂರುವ ಎರಡು ಕಡೆ ಮಾತ್ರ ಒಂದಿಷ್ಟು ದಪ್ಪ. ಎದುರು ಮನೆಯ ಬಡಗಿ ಗೇರಿಗೆ ಒಂದು ಮರದ ಗುಂಡು ಕಡೆದುಕೊಟ್ಟ. ಸೀಟುಗಳ ಹಿಂದೆ ಜಾಲರಿ ಕಟ್ಟಿದ ಮೇಲೆ ಕತ್ತಿಗೆ ಬಡಿಯುತ್ತಿದ್ದ ಗಾಳಿ ನಿಂತು, ಟಾಪು ತೆರೆದಿದ್ದರೂ ಮಾತು ಕೇಳಿಸತೊಡಗಿತು. ಇನ್ನು ದಾರಿಯುದ್ದಕ್ಕೂ ನಿನ್ನ ಹರಟೆ ಕೇಳಬೇಕಲ್ಲ, ಅದೊಂದೇ ನಷ್ಟ ಎಂದು ಅತ್ತೆ ನನ್ನನ್ನು ಛೇಡಿಸಿದಳು. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ಗಾಜು ಇಳಿಸಿ ಯಾರ ಕೈಕೆಲಸ ಎಂದು ಕೇಳುತ್ತಿದ್ದರು. ಅವಳು ತನ್ನ ಬೆರಳಿನ ಸೂಜಿಗಾಯ ತೋರಿಸುತ್ತಿದ್ದಳು.

ಅವಳ ಅಂಗಡಿಯಲ್ಲಿ ಎರಡು ಮೇಜುಗಳಿದ್ದವು. ಒಂದು ಸೀಟಿನ ಮೇಜು, ಇನ್ನೊಂದು ಟಾಪಿನ ಮೇಜು. ಟಾಪಿನ ಮೇಜು ಅಲ್ಲಿನ ಹಿರಿಯ ಮೇಸ್ತ್ರಿಯವರದು. ಬಟ್ಟೆಯ ಟಾಪು ಹೊಲಿಯುವುದರಲ್ಲಿ ಅವರ ಸಮಕ್ಕೆ ನಿಲ್ಲುವವರಿರಲಿಲ್ಲ. ಕಣ್ಣು ಮಂಜಾಗಿ, ಆ ತಿಂಗಳ ಕೊನೆಗೆ ಅವರು ಕೆಲಸ ಬಿಡುವವರಿದ್ದರು. ಮಾಲೀಕ ಹೊರಗಿನಿಂದ ಯಾರನ್ನೋ ಕರೆಸಲು ಮಾತಾಡಿದ್ದ. ಆ ಮೇಜು ತನಗೆ ಬೇಕೆಂದು ಅತ್ತೆ ಬಾಯಿಬಿಟ್ಟು ಕೇಳಿದಳು. ಇಪ್ಪತ್ತೆಂಟು ವರ್ಷದಲ್ಲಿ ಅವಳು ಅಂಗಡಿಯಲ್ಲಿ ಕೇಳಿದ್ದು ಅದೊಂದೇ.

“ಸೀಟಿನ ಕೈ ಬೇರೆ, ಟಾಪಿನ ಕೈ ಬೇರೆ ಅಕ್ಕ,” ಎಂದನಂತೆ ಮಾಲೀಕ. “ಗಿರಾಕಿ ಕಾರಿನ ಮೇಲೆ ಕಲಿಯೋಕಾಗಲ್ಲ.”

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು: “ಗಿರಾಕಿ ಕಾರು ಯಾಕೆ? ನನ್ನದೇ ಇದೆಯಲ್ಲ.”

ಕಾರಿನ ಟಾಪು ಒಂದೇ ಪದರದ್ದು. ಮುಚ್ಚಿಕೊಂಡು ಹೊರಟರೆ ರಸ್ತೆಯ ಸದ್ದೆಲ್ಲ ಒಳಗೇ ಬಂದು ಕೂರುತ್ತಿತ್ತು. ಅದಕ್ಕೆ ಒಳಗಿನಿಂದ ಲೈನಿಂಗ್ ಹೊಲಿದು, ಮೇಸ್ತ್ರಿ ಹೋಗುವುದರೊಳಗೆ ಅವರಿಗೆ ತೋರಿಸುವುದು ಅವಳ ಲೆಕ್ಕಾಚಾರ. ಚೆನ್ನಾಗಿ ಬಂದರೆ ಮೇಜು ಸಿಗಬಹುದು. ಕೆಟ್ಟರೆ ಹೊಸ ಕಾರೂ ಹೋಯಿತು, ಹೆಸರೂ ಹೋಯಿತು. ಟಾಪನ್ನು ಬಿಚ್ಚಬಾರದೆಂದು ಕೈಪಿಡಿಯಲ್ಲಿ ಬರೆದಿದೆ ಎಂದು ನಾನು ಪುಟ ತೆರೆದು ತೋರಿಸಿದೆ. ಅದು ಕತ್ತರಿ ಹಿಡಿಯಲು ಬಾರದವರಿಗೆ ಬರೆದದ್ದು ಎಂದು ಅವಳು ಪುಸ್ತಕ ಮುಚ್ಚಿದಳು.

ಭಾನುವಾರ ಇಡೀ ದಿನ ಹೊಲಿದಳು. ಸಂಜೆ ಮುಖ್ಯರಸ್ತೆಗೆ ಹೋದರೆ ಕಾರಿನೊಳಗೆ ಲಾರಿಯ ಸದ್ದೂ ಪಿಸುಮಾತಿನಂತೆ ಕೇಳಿಸಿತು. ಅತ್ತೆಯ ಮುಖ ಊರಗಲವಾಯಿತು. ಮನೆಯ ಮುಂದೆ ನಿಲ್ಲಿಸಿ ಟಾಪು ಮಡಚಹೋದಳು. ಅದು ಹಿಂದಕ್ಕೆ ಬಂತು, ಕೆಳಕ್ಕೆ ಇಳಿಯಲಿಲ್ಲ. ನಾವಿಬ್ಬರೂ ಮೈಭಾರ ಹಾಕಿ ಒತ್ತಿದೆವು. ಮೂರು ಬೆರಳಿನಷ್ಟು ಉಳಿದೇ ಉಳಿಯಿತು, ಬೆನ್ನೆತ್ತಿದ ಬೆಕ್ಕಿನ ಹಾಗೆ.

ಮಾರನೆಯ ದಿನ ಅವಳು ಅದನ್ನು ಹಾಗೆಯೇ ಅಂಗಡಿಗೆ ತೆಗೆದುಕೊಂಡು ಹೋದಳು. ನನಗೆ ಬೆಳಗಿನ ಪಾಠವಿರಲಿಲ್ಲ, ಜೊತೆಗೆ ಹೋಗಿದ್ದೆ. ಅಂಗಡಿಯವರು ನಕ್ಕರು. ಮೇಸ್ತ್ರಿ ನಗಲಿಲ್ಲ. ಮಡಿಕೆಯೊಳಗೆ ಕೈ ತೂರಿಸಿ, ಹಿಸುಕಿ, ಹೊರತೆಗೆದರು.

“ಒಳಗೆ ಏನು ಹಾಕಿದ್ದೀಯ?”

“ಫೋಮು.”

“ಟಾಪಿನ ಮೇಲೆ ಯಾರು ಕೂರ್ತಾರಮ್ಮ?”

ಅಷ್ಟೇ ಹೇಳಿ ಒಳಗೆ ಹೋದರು. ಅತ್ತೆ ತಾನೂ ಮಡಿಕೆಯೊಳಗೆ ಕೈ ತೂರಿಸಿ ಹಿಸುಕಿ ನೋಡಿದಳು. ಏನನ್ನು ಕೊಟ್ಟರೂ ಮೆತ್ತಗೆ ಮಾಡುವುದೊಂದೇ ಅವಳ ಕೈಗೆ ಗೊತ್ತಿದ್ದ ವಿದ್ಯೆ. ಟಾಪಿಗೆ ಬೇಕಾದದ್ದು ಹಗುರವಾಗುವ ವಿದ್ಯೆ.

ಎರಡು ಸಂಜೆ ಬ್ಲೇಡಿನಲ್ಲಿ ಒಂದೊಂದೇ ಹೊಲಿಗೆ ಬಿಚ್ಚಿದಳು. ಮೂರನೆಯ ಸಂಜೆ ಸೂಜಿ ಮುಟ್ಟಲೇ ಇಲ್ಲ. ಬರಿಯ ಟಾಪನ್ನು ಮುಚ್ಚಿದಳು, ತೆರೆದಳು, ಮುಚ್ಚಿದಳು. ಬಟ್ಟೆ ಎಲ್ಲೆಲ್ಲಿ ಮಡಿಯುತ್ತದೋ ಅಲ್ಲೆಲ್ಲ ಸೀಮೆಸುಣ್ಣದ ಗೆರೆ ಎಳೆದಳು. ಬೀದಿಯವರು ಕಾರು ಕೆಟ್ಟಿದೆ ಎಂದುಕೊಂಡರು. ಮತ್ತೆ ಕತ್ತರಿ ಹಿಡಿದಾಗ ಅವಳ ಮುಂದಿದ್ದದ್ದು ತೆಳುವಾದ ಉಣ್ಣೆಯ ಬಟ್ಟೆ. ಒಂದೇ ಹಾಸು ಮಾಡದೆ ಐದು ತುಂಡು ಮಾಡಿ, ಮಡಿಯುವ ಗೆರೆಗಳನ್ನು ಖಾಲಿ ಬಿಟ್ಟು, ಟಾಪನ್ನು ಹೊರುವ ಕಬ್ಬಿಣದ ಕಮಾನುಗಳ ಮೇಲಿನ ಪಟ್ಟಿಗೆ ಮಾತ್ರ ಹೊಲಿದಳು. ಒಂದು ಸಲ ಸೂಜಿ ದಾರಿ ತಪ್ಪಿ ಹೊರಬಟ್ಟೆಯನ್ನು ಚುಚ್ಚಿದರೂ ಸಾಕು, ಅಲ್ಲಿಂದ ನೀರು ಇಳಿಯುತ್ತದೆ.

ತಿಂಗಳ ಕೊನೆಯ ದಿನ, ಮೇಸ್ತ್ರಿಯವರ ಕಡೆಯ ದಿನವೂ ಅದೇ, ಅವಳು ಕಾರನ್ನು ಅಂಗಡಿಯ ಅಂಗಳದಲ್ಲಿ ನಿಲ್ಲಿಸಿದಳು. ಅಲ್ಲಿ ಒಂದು ಕಟ್ಟಳೆಯಿತ್ತು: ಟಾಪು ಹೊಲಿದವರು ಗಾಜು ಏರಿಸಿಕೊಂಡು ಕಾರಿನೊಳಗೆ ಕೂರಬೇಕು, ಹೊರಗಿನಿಂದ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಡಬೇಕು. ಅತ್ತೆ ಕೂತಳು. ಮೇಸ್ತ್ರಿ ಅಂದಿನ ಪೇಪರು ಕೈಯಲ್ಲಿ ಹಿಡಿದು ಬಂದು, ಯಾರನ್ನೂ ಕೇಳದೆ ಪಕ್ಕದ ಸೀಟಿನಲ್ಲಿ ಕೂತರು. ನಿಮ್ಮ ಅಂಗಿ ನೆನೆಯುತ್ತದೆ, ನಿಮಗ್ಯಾಕೆ ಎಂದ ಮಾಲೀಕ. ನೆನೆದರೆ ಇವಳೇ ಇಸ್ತ್ರಿ ಮಾಡಿಕೊಡುತ್ತಾಳೆ ಎಂದು ಅವರು ಬಾಗಿಲು ಎಳೆದುಕೊಂಡರು.

ಜೊತೆಗೆ ಹೋಗಿದ್ದ ನನ್ನ ಕೈಗೆ ಪೈಪು ಬಂತು. ಹೊಲಿಗೆಗಳ ಮೇಲೆ, ಮೂಲೆಗಳ ಮೇಲೆ, ಗಾಜಿನ ಅಂಚಿನ ಮೇಲೆ ನೀರು ಬಿಟ್ಟೆ. ಒಳಗೆ ಏನಾಗುತ್ತಿದೆ ಎಂದು ಕಾಣಿಸುತ್ತಿರಲಿಲ್ಲ. ಮಾಲೀಕ ಗಡಿಯಾರ ನೋಡಿ ಕೈಯೆತ್ತಿದ. ನೀರು ನಿಲ್ಲಿಸಿದೆವು. ಬಾಗಿಲು ತೆರೆಯಲಿಲ್ಲ. ಅವನು ಹೋಗಿ ಗಾಜು ತಟ್ಟಿದ. ಗಾಜು ಎರಡು ಬೆರಳಷ್ಟು ಇಳಿಯಿತು.

“ಇರಪ್ಪ, ಇನ್ನೊಂದು ಸುದ್ದಿ ಬಾಕಿ ಇದೆ,” ಎಂದರು ಮೇಸ್ತ್ರಿ.

ಕಾದೆವು. ಪೇಪರನ್ನು ಮೂಗಿನ ಹತ್ತಿರ ಹಿಡಿದು ದಪ್ಪಕ್ಷರದ ಸುದ್ದಿಗಳನ್ನಷ್ಟೇ ಓದಿ ಮುಗಿಸಿ ಅವರು ಇಳಿದರು. ಪೇಪರು ಗರಿಗರಿಯಾಗಿಯೇ ಇತ್ತು. ಟಾಪಿನ ನೀರು ಒರೆಸಿ, ಕೊಂಡಿ ಬಿಚ್ಚಿ, ಒಂದೇ ಕೈಯಿಂದ ಹಿಂದಕ್ಕೆ ತಳ್ಳಿದರು. ಅದು ತಟ್ಟೆಯ ಮೇಲೆ ತಟ್ಟೆ ಇಟ್ಟಂತೆ ಕೂತಿತು. ಅಂಚಿನುದ್ದಕ್ಕೂ ಹೆಬ್ಬೆರಳು ಸವರಿದರು. ಮಂಜುಗಣ್ಣಿನ ಬದಲು ಈಗ ಅವರು ಬೆರಳಿನಲ್ಲೇ ನೋಡುತ್ತಿದ್ದರು.

“ಹೊರಗಿನಿಂದ ಯಾರನ್ನೋ ಕರೆಸ್ತೀನಿ ಅಂದಿದ್ದೆಯಲ್ಲ,” ಎಂದರು ಮಾಲೀಕನಿಗೆ, “ಅವನಿಗೆ ಬರಬೇಡ ಅಂತ ಹೇಳಿಬಿಡು.”

ಮಾಲೀಕ ತಾನೂ ಅಂಚನ್ನು ಮುಟ್ಟಿ ನೋಡಿ, ನಾಳೆಯಿಂದ ಆ ಮೇಜು ನಿಮ್ಮದು ಅಕ್ಕ ಎಂದ. ಅತ್ತೆ ಸ್ಟಿಯರಿಂಗ್ ಬಿಟ್ಟು ಏಳಲಿಲ್ಲ.

“ಹಾಗಾದ್ರೆ ಸೀಟಿಗೆ ಯಾರನ್ನಾದ್ರೂ ಹುಡುಕಿ. ಎರಡೂ ಮೇಜಿಗೆ ನಾನೊಬ್ಬಳೇ ಓಡಾಡೋಕಾಗಲ್ಲ.”

ಮೇಸ್ತ್ರಿ ತಮ್ಮ ಕತ್ತರಿಯನ್ನು ಟಾಪಿನ ಮೇಜಿನ ಮೇಲೆ ಬಿಟ್ಟು ಬಂದು, ಕಡೆಯ ದಿನ ಬಸ್ಸಿನಲ್ಲಿ ಹೋಗುವುದಿಲ್ಲ ಎಂದು ಮತ್ತೆ ಅವಳ ಪಕ್ಕ ಕೂತರು. ಕಾರು ಗೇಟು ದಾಟಿ ಎಡಕ್ಕೆ, ಕೆರೆಯ ಕಡೆಯ ರಸ್ತೆಗೆ ತಿರುಗಿತು. ಅವರ ಮನೆ ಇದ್ದದ್ದು ಬಲಕ್ಕೆ.